ಬೆರಳು ಬಿಚ್ಚಿದ ಆಷಾಢ

ಯಾದವಗಿರಿಯ ಆ ಹಳೇ ಬಂಗಲೆಯಂಥ ಆಸ್ಪತ್ರೆಯ ಬಾಗಿಲೊಳಗೆ ಕಾಲಿಟ್ಟೆ ನೋಡಿ, ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಅದರ ಬೆನ್ನಿಗೇ ಕಾಂಪೌಂಡಿನ ಸಂಪಿಗೆ ಮರದ ವಾಸನೆ. ಎರಡೂ ಸೇರಿ ಒಂದೇ ಆಗುವ ಈ ವಾಸನೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನನಗೆ ನಗು ಬಂದುಬಿಟ್ಟಿತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ತನ್ನಷ್ಟಕ್ಕೆ ತಾನೇ ನಗುವ ಮುದುಕಿಯನ್ನು ಎದುರಿಗಿದ್ದವರು ಒಂದು ಥರ ನೋಡಿದರು. ನೋಡಲಿ. ನನ್ನ ಜೊತೆಗೆ ಬಂದವರು ಚೀಟಿ ಮಾಡಿಸಲು ಕಿಟಕಿಯ ಹತ್ತಿರ ನಿಂತಿದ್ದರು. ನಾನು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಆರೇಳು ವರ್ಷದ ಹಿಂದಿನ ಆ ಆಷಾಢಕ್ಕೆ ಹೊರಟುಹೋದೆ.

ಆಗ ನಾವು ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿದ್ದೆವು. ನಮ್ಮ ಯಜಮಾನರದು ಬೀದಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ನನ್ನದು ಅಗರಬತ್ತಿ ಹೊಸೆಯುವ ಕೆಲಸ. ಇದ್ದಿಲ ಪುಡಿಗೆ ಜಿಗಟು ಪುಡಿ ಸೇರಿಸಿ ಕಲಸಿದ ಕರೀ ಹಿಟ್ಟು, ಬಿದಿರಿನ ಕಡ್ಡಿ, ಎದುರಿಗೊಂದು ಮಣೆ. ಕಡ್ಡಿಗೆ ಹಿಟ್ಟು ಒತ್ತಿ, ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಒಂದೇ ಎಳೆತಕ್ಕೆ ಹೊಸೆದು ಬಿಡಬೇಕು. ಅಂಗೈ ಸಮವಾಗಿದ್ದರೆ ಕಡ್ಡಿ ಸಮ. ವಠಾರದ ಹೆಂಗಸರೆಲ್ಲ ಸಾಲಾಗಿ ಕುಳಿತು ಮಾತಾಡುತ್ತ ಹೊಸೆಯುತ್ತಿದ್ದೆವು. ಮಾತು ಎಲ್ಲೆಲ್ಲೋ ಹೋಗುತ್ತಿತ್ತು, ಕೈ ಮಾತ್ರ ಮಣೆ ಬಿಟ್ಟು ಹೋಗುತ್ತಿರಲಿಲ್ಲ.

ಆ ಕೈಯಲ್ಲೇ ಶುರುವಾಯಿತು. ಉಂಗುರದ ಬೆರಳಿನ ಕೆಳಗೆ, ಅಂಗೈಯಲ್ಲಿ, ಹುಣಸೆಬೀಜದಷ್ಟು ಒಂದು ಗಂಟು. ಹೊಸೆದು ಹೊಸೆದು ಜಡ್ಡುಗಟ್ಟಿದೆ ಎಂದುಕೊಂಡೆ. ಬರುಬರುತ್ತ ಆ ಗಂಟಿನಿಂದ ಒಂದು ದಾರ ಎದ್ದಿತು, ಚರ್ಮದ ಅಡಿಯಲ್ಲಿ. ಉಂಗುರದ ಬೆರಳು ಬಾಗತೊಡಗಿತು. ಅದನ್ನು ನೋಡಿ ಕಿರುಬೆರಳೂ ಬಾಗಿತು. ನೋವು ಎಂಬುದೇ ಇರಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ಮುಖ ತೊಳೆಯಲು ಹೋದರೆ ಬಾಗಿದ ಬೆರಳು ನನ್ನ ಕಣ್ಣಿಗೇ ಚುಚ್ಚುತ್ತಿತ್ತು. ಮುದ್ದೆ ಕಟ್ಟಿದರೆ ಒಂದು ಪಕ್ಕ ಗುಳಿ ಬೀಳುತ್ತಿತ್ತು. ಕುಂಕುಮ ಇಡುವುದು ಉಂಗುರದ ಬೆರಳಲ್ಲಿ ಅಲ್ಲವೇ, ಅದು ನನ್ನ ಹಣೆಯನ್ನು ಮುಟ್ಟುವುದನ್ನೇ ಬಿಟ್ಟಿತ್ತು, ನಡುಬೆರಳಲ್ಲಿ ಇಟ್ಟುಕೊಳ್ಳುತ್ತಿದ್ದೆ. ಕೊನೆಗೆ ಮಣೆಯ ಮೇಲೂ ಅಂಗೈ ಕೂರಲಿಲ್ಲ. ಕಡ್ಡಿಯ ಬಾಲ ದಪ್ಪವಾಗಿ ಉಳಿಯತೊಡಗಿತು.

ಪಕ್ಕದ ಮನೆಯ ಶಾಂತಿ ನಗುತ್ತಿದ್ದಳು. "ದೇವಕ್ಕಾ, ಕೈಲಿ ಅದೇನ್ ಮುಚ್ಚಿಟ್ಕೊಂಡಿದ್ದೀರ? ನಮ್ಗೂ ಒಸಿ ಕೊಡ್ರಿ."

"ಕೊಬ್ರಿ ಮಿಠಾಯಿ ಕಣೇ. ನಿಂಗ್ಯಾಕ್ ಕೊಡ್ಲಿ, ನನ್ನ ಮೊಮ್ಮಗೂಗೆ ಮಡಗಿದ್ದೀನಿ" ಎನ್ನುತ್ತಿದ್ದೆ.

ಸುಳ್ಳಲ್ಲ. ಆ ವರ್ಷ ನಮ್ಮ ಸವಿತ ಬಸುರಿಯಾಗಿದ್ದಳು. ನನ್ನ ಹಿರೀ ಮಗಳು, ಕುವೆಂಪುನಗರಕ್ಕೆ ಕೊಟ್ಟಿದ್ದೆವು. ಮೊದಲ ಮೊಮ್ಮಗು ಬರುವುದಿತ್ತು. ಹಣೆಬರಹ ಹೇಗಿದ್ದರೂ ಇರಲಿ, ಆ ಮಗುವನ್ನು ನೀಡಿದ ಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ ನೀರು ಹಾಕಬೇಕು. ನನಗೆ ಬೇರೆ ಆಸೆಯೇ ಇರಲಿಲ್ಲ. ನನ್ನ ಅವ್ವ ನನ್ನ ಮಕ್ಕಳಿಗೆ ಹಾಕಿದ್ದಳು, ಅವಳ ಅವ್ವ ನಮಗೆ. ಆ ಸರದಿ ಈಗ ನನ್ನ ಕೈಗೆ ಬಂದಿತ್ತು. ನನ್ನ ಕೈಗೆ! ಆ ಕೈ ನೋಡಿದರೆ ಹೀಗೆ.

ಜ್ಯೇಷ್ಠದಲ್ಲಿ ಸೀಮಂತ, ಬೀಗರ ಮನೆಯಲ್ಲೇ. ಹಸಿರು ಬಳೆ, ಸೀರೆ, ಚಿಗಳಿ ತಂಬಿಟ್ಟು ಎಲ್ಲ ಹೊತ್ತುಕೊಂಡು ಹೋದೆವು. ನಮ್ಮ ಬೀಗಿತ್ತಿ ರಾಜಮ್ಮನವರಿಗೆ ಮೊದಲಿಂದಲೂ ನನ್ನನ್ನು ಕಂಡರೆ ಬಹಳ ವಿಶ್ವಾಸ. ಅವತ್ತು ಬಳೆ ತೊಡಿಸಲು ನಾನು ಸೆರಗಿನಿಂದ ಕೈ ಹೊರಗೆ ತೆಗೆದೆ. ಅವರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು.

"ನೀವು ಕೂತ್ಕೊಳ್ಳಿ ಬೀಗಿತ್ತಿ, ಸುಸ್ತಾಗಿರ್ತೀರ. ಬಳೆ ನಮ್ಮ ನಾದಿನಿ ತೊಡಿಸ್ತಾಳೆ" ಎಂದರು.

ನಾನು ಕುಳಿತೆ. ಆಮೇಲೆ ಎಲ್ಲರಿಗೂ ಅರಿಸಿನ ಕುಂಕುಮ ಕೊಡುತ್ತ ಬಂದವರು, ನನ್ನ ಹತ್ತಿರ ಬರುವಷ್ಟರಲ್ಲಿ ಯಾರೋ ಕರೆದ ಹಾಗೆ ಒಳಗೆ ಹೋದರು. ಯಾರೂ ಕರೆದಿರಲಿಲ್ಲ. ನಾನು ಪಾಯಸ ಕುಡಿದ ಲೋಟ ಬೇರೆ ಲೋಟಗಳ ಜೊತೆ ಸೇರದೆ ಹಿತ್ತಲ ಕಲ್ಲಿನ ಮೇಲೆ ಒಂಟಿಯಾಗಿ ಕುಳಿತಿತ್ತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಂಡೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ರಾಜಮ್ಮನವರು ನನ್ನ ಮಗಳಿಗೆ ಹೇಳುತ್ತಿದ್ದರು.

"ನಿಮ್ಮವ್ವನ ಬೆರಳು ನೋಡ್ದೆಯಾ ಸವಿತ? ಇದು ಹಿಂಗೇ ಶುರುವಾಗೋದು. ನಾನ್ ನೋಡಿದ್ದೀನಿ ಕಣಮ್ಮ. ಮೊದ್ಲು ಬೆರಳು ಮುದುರ್ತವೆ, ಆಮೇಲೆ..."

"ಅವ್ವಂಗೆ ಅಗರಬತ್ತಿ ಹೊಸೆದು ಹಂಗಾಗಿರೋದು ಅತ್ತೆ."

"ವಠಾರದೋರೆಲ್ಲ ಹೊಸೀತಾರಲ್ಲ, ಅವರಿಗ್ಯಾರಿಗೂ ಇಲ್ವಲ್ಲ? ಬಾಣಂತನ ಇಲ್ಲೇ ಆಗ್ಲಿ. ಹಸುಗೂಸು ಕಣಮ್ಮ, ಆ ಕೈಲಿ ಮುಟ್ಟಿಸ್ಬೇಡ. ನಿಂಗೆ ಕೈ ಮುಗಿದು ಕೇಳ್ಕೊತೀನಿ."

ಆ ರೋಗದ ಹೆಸರನ್ನು ಅವರು ಹೇಳಲೇ ಇಲ್ಲ. ಹೇಳುವುದೇ ಬೇಕಿರಲಿಲ್ಲ. ಕೊಳಾಯಿ ಸುರಿಯುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕೆಂಬುದೂ ತೋಚಲಿಲ್ಲ. ನನ್ನ ಕೈ ನನ್ನದೇ ಅಲ್ಲವೇನೋ ಎನ್ನುವಂತೆ ನೋಡುತ್ತ ನಿಂತೆ. ಸವಿತ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಅವಳು ಅಳುತ್ತಿದ್ದಳು.

ಸಾಮಾನ್ಯವಾಗಿ ಸೀಮಂತ ಮುಗಿದ ಮೇಲೆ ಮಗಳನ್ನು ತವರಿಗೆ ಕರೆದುಕೊಂಡು ಬರುವುದು. ನಾವು ಖಾಲಿ ಬುಟ್ಟಿ ಹಿಡಿದುಕೊಂಡು ಬಂದೆವು. ದಾರಿಯಲ್ಲಿ ಯಜಮಾನರು ಕೇಳಿದರು, "ಯಾಕೆ ಕಳಿಸಲಿಲ್ಲ?" ನಾನು, "ಆಸ್ಪತ್ರೆ ಅವರ ಮನೆಗೇ ಹತ್ರ ಅಂತೆ" ಎಂದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಬಿದಿರಿನ ಕಡ್ಡಿಯ ತುದಿಯಿಂದ ಆ ಬೆರಳಿಗೆ ಚುಚ್ಚಿದೆ. ಆ ರೋಗದಲ್ಲಿ ಜೋಮು ಹಿಡಿದು ಸ್ಪರ್ಶವೇ ತಿಳಿಯುವುದಿಲ್ಲ ಎಂದು ಕೇಳಿದ್ದೆ. ನೋವಾಯಿತು. ರಕ್ತದ ಹನಿ ಬಂತು. ಇನ್ನೊಂದು ಕಡೆ ಚುಚ್ಚಿದೆ, ಅಲ್ಲೂ ನೋವಾಯಿತು. ನೋವಾಯಿತಲ್ಲ ಎಂದು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆದರೆ ಆ ಸಂತೋಷ ಅರ್ಧ ಗಳಿಗೆಯೂ ಉಳಿಯಲಿಲ್ಲ. ಇವತ್ತು ನೋವಾಗುತ್ತದೆ, ನಾಳೆ? ದಿನಾ ಎದ್ದ ತಕ್ಷಣ ಚುಚ್ಚಿಕೊಂಡು ನೋಡುವುದು ಅಭ್ಯಾಸವಾಯಿತು. ಡಾಕ್ಟರ ಹತ್ತಿರ ಹೋಗಲು ಮಾತ್ರ ಕಾಲು ಏಳಲಿಲ್ಲ. ಹೌದು ಎಂದುಬಿಟ್ಟರೆ?

ಹೀಗೇ ಆಷಾಢ ಬಂತು. ಆಷಾಢದ ಶುಕ್ರವಾರ ಮೈಸೂರಿನವರು ಯಾರು ಮನೆಯಲ್ಲಿ ಕೂರುತ್ತಾರೆ? ಚಾಮುಂಡಿ ಬೆಟ್ಟಕ್ಕೆ ನಾನೂ ಮೆಟ್ಟಿಲು ಹತ್ತಿ ಹೋದೆ. ತುಂತುರು ಮಳೆ, ಜನವೋ ಜನ. ದರ್ಶನ ಆಗಿ, ತೀರ್ಥಕ್ಕೆ ಕೈ ಒಡ್ಡಿದೆ. ಬೇರೆಯವರ ಕೈಯಿಂದ ತೀರ್ಥ ಸೋರುತ್ತದೆ. ನನ್ನ ಕೈಯಲ್ಲಿ ಬಟ್ಟಲಲ್ಲಿ ನಿಂತ ಹಾಗೆ ನಿಂತಿತು.

"ಅಮ್ಮಾವ್ರೇ, ನಿಮ್ದು ತೀರ್ಥಕ್ಕೇ ಮಾಡಿಸಿದ್ ಕೈ!" ಎಂದು ಹಿಂದಿನಿಂದ ಯಾರೋ ಅಂದರು.

ನಾನು ಬೆಚ್ಚಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ತಿರುಗಿದರೆ, ತಲೆಗೆ ಟವಲು ಸುತ್ತಿದ ದಪ್ಪ ಮೀಸೆಯ ಒಬ್ಬ ಹಿರಿಯರು. ಅವರು ನಗುತ್ತ ತಮ್ಮ ಬಲಗೈಯನ್ನು ನನ್ನ ಮುಖದ ಮುಂದೆ ಹರಡಿದರು. "ಹೆದರ್ಬ್ಯಾಡಿ ತಾಯಿ. ನನ್ದೂ ಹಿಂಗೇ ಇತ್ತು. ಈಗ ನೋಡಿ."

ನೋಡಿದೆ. ನೇರವಾದ ಬೆರಳುಗಳು. ಅಂಗೈಯಲ್ಲಿ ಇರುವೆ ಕಚ್ಚಿದಂಥ ನಾಲ್ಕಾರು ಸಣ್ಣ ಚುಕ್ಕಿಗಳ ಕಲೆ.

ಅವರ ಹೆಸರು ಮರಿಸ್ವಾಮಿ. ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಗುಡಿಯ ಹೊರಗೆ ಕಡ್ಲೆಪುರಿ ಅಂಗಡಿಯ ಸೂರಿನ ಕೆಳಗೆ ನಿಂತು ಎಲ್ಲ ಹೇಳಿದರು.

"ಸ್ಟೇರಿಂಗ್ ಹಿಡಿದಂಗೇ ನಿಂತ್ಬುಟ್ಟಿದ್ವು ಬೆರಳು. ಮನೇಲಿ ಊಟಕ್ ಕೂತ್ರೂ ಬಸ್ ಓಡಿಸ್ತಾ ಇರೋ ಹಂಗೆ! ಮೊಮ್ಮಕ್ಳು ಹಿಂದೆ ಕೂತ್ಕೊಂಡು ರೈಟ್ ರೈಟ್ ಅನ್ನೋವು. ಯಾದವಗಿರೀಲಿ ಒಬ್ರು ಡಾಕ್ಟ್ರವ್ರೆ, ಕೊಯ್ಯಲ್ಲ, ಹೊಲಿಯಲ್ಲ. ಬರೀ ಸೂಜಿ."

"ಸೂಜೀಲಿ ಏನ್ ಮಾಡ್ತಾರೆ?"

"ಒಳಗಿರೋ ದಾರನ ಸೂಜಿ ತುದೀಲಿ ಕಚಕಚ ಅಂತ ಕಡೀತಾರೆ. ಆಮೇಲೆ ಬೆರಳು ಹಿಡಿದು ಎಳೀತಾರೆ. ಟಪ್ ಅಂತದೆ! ನಾನು ಟಯರ್ ಬರ್ಸ್ಟ್ ಆಯ್ತು ಅಂದ್ಕೊಂಡೆ ಕಣಮ್ಮ. ಅಷ್ಟೇ. ಎದ್ದು ಮನೆಗೆ ಬಂದು ಕಾಫಿ ಕುಡಿದೆ."

ನಾನು ಧೈರ್ಯ ಮಾಡಿ ಕೇಳಿದೆ. "ಇದು... ಅದಲ್ವಾ?"

ಅವರ ನಗು ನಿಂತಿತು. "ನಂಗೂ ಅದೇ ದಿಗಿಲಿತ್ತು ತಾಯಿ. ನಮ್ ಮನೇಲಿ ಒಂದ್ ತಿಂಗಳು ನನ್ ತಟ್ಟೆ ಬೇರೆ ಇಟ್ಟಿದ್ರು. ಅದಲ್ಲ. ನೀವ್ ಹೋಗಿ."

ಬೆಟ್ಟ ಇಳಿದದ್ದು ನನಗೆ ನೆನಪೇ ಇಲ್ಲ. ಯಜಮಾನರಿಗೆ ಸೀಮಂತದ ದಿನದ ಕಥೆಯನ್ನೆಲ್ಲ ಅವತ್ತೇ ಹೇಳಿದ್ದು. ಅವರು ನನ್ನ ಕೈ ತೆಗೆದುಕೊಂಡು, ಆ ದಾರದ ಮೇಲೆ ಗ್ರೀಸು ಅಂಟಿದ ತಮ್ಮ ಹೆಬ್ಬೆರಳು ಎಳೆದು, "ಬ್ರೇಕ್ ವೈರು ಬಿಗಿಯಾದಂಗೆ ಆಗ್ಯದೆ ಕಣೆ, ಅಷ್ಟೇಯ" ಎಂದರು.

"ಆಷಾಢ ಮುಗೀಲಿ ಅಂತೀರಾ? ಆಷಾಢದಲ್ಲಿ ಹೊಸ ಕೆಲಸ ಶುರು ಮಾಡಬಾರ್ದು."

"ಇದು ಹೊಸ ಕೆಲಸ ಎಲ್ಲಾಯ್ತು? ಹಳೇ ರಿಪೇರಿ. ನಡಿ."

ಹೀಗೆ ನಾನು ಈ ಸಂಪಿಗೆ ಮರದ ಆಸ್ಪತ್ರೆಗೆ ಮೊದಲ ಸಲ ಬಂದದ್ದು. ಡಾಕ್ಟರು ನನಗಿಂತ ಎಷ್ಟೋ ಚಿಕ್ಕವರು. ಮೇಜಿನ ಮೇಲೆ ಅಂಗೈ ಊರಿ ಎಂದರು. ಊರಲು ಹೋದೆ, ಬೆರಳ ಕೆಳಗೆ ಇಲಿ ನುಗ್ಗುವಷ್ಟು ಸಂದು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿ, ಎಲ್ಲಿ ಎಂದು ಕೇಳಿದರು. ಉಸಿರು ಬಿಗಿಹಿಡಿದು ಹೇಳಿದೆ. ಎಲ್ಲವೂ ಸರಿಯಾಗಿತ್ತು. ಅವರು ಏನೂ ಹೇಳುವ ಮುಂಚೆಯೇ ನಾನು ಅಳಲು ಶುರು ಮಾಡಿದ್ದೆ.

"ಕುಷ್ಠ ಅಂತ ಯಾರಾದ್ರೂ ಹೆದರಿಸಿದ್ರಾ ಅಮ್ಮ?" ಎಂದು ಅವರೇ ಕೇಳಿದರು. "ಇದು ಅದಲ್ಲ. ಅಂಗೈ ಚರ್ಮದ ಕೆಳಗೆ ಒಂದು ಪರೆ ಇರುತ್ತೆ. ಕೆಲವರಿಗೆ ಅದು ದಪ್ಪ ಆಗಿ, ಹುರಿ ಥರ ಬಿಗಿದು, ಬೆರಳನ್ನ ಎಳೆಯುತ್ತೆ. ಕೆಲವು ವಂಶದಲ್ಲಿ ಬರುತ್ತೆ. ನಮ್ಮ ಕಡೆ ಅಪರೂಪ, ಅದಕ್ಕೇ ಯಾರಿಗೂ ಗೊತ್ತಾಗೋಲ್ಲ. ಇನ್ನೊಂದು ಹೇಳ್ತೀನಿ, ಆ ರೋಗವೇ ಆಗಿದ್ರೂ ಅಳೋದು ಬೇಕಿರ್ಲಿಲ್ಲ. ಅದಕ್ಕೆ ಮಾತ್ರೆ ಇದೆ. ಮಾತ್ರೆ ಶುರು ಮಾಡಿದ್ರೆ ಅಂಟೋದೂ ಇಲ್ಲ, ಪೂರ್ತಿ ವಾಸಿಯಾಗುತ್ತೆ."

ಎಲ್ಲರೂ ಹೆಸರು ಹೇಳಲೂ ಹೆದರುವ ರೋಗವನ್ನು ಅವರು ನೆಗಡಿಯ ಹಾಗೆ ಹೇಳಿಬಿಟ್ಟಿದ್ದರು.

ಸೂಜಿಯ ದಿನ ಬಂತು. ನರ್ಸಮ್ಮ ಒಳಗೆ ಕರೆದು, "ಬಲಗೈ ಬಳೆ ಬಿಚ್ಚಿ" ಎಂದರು. ಬೆರಳು ಬಾಗುವ ಮುಂಚೆ ತೊಟ್ಟ ಗಾಜಿನ ಬಳೆಗಳು. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಬಾಗಿದ ಬೆರಳಿನ ಗೆಣ್ಣು ದಾಟಿ ಬರಲೇ ಇಲ್ಲ. "ಒಡೀಬೇಕಮ್ಮ" ಎಂದರು. ಗಂಡ ಹೊರಗೆ ಬೆಂಚಿನ ಮೇಲೆ ಗಟ್ಟಿಮುಟ್ಟಾಗಿ ಕುಳಿತಿದ್ದಾರೆ, ಒಳಗೆ ಹೆಂಡತಿಯ ಬಳೆ ಒಡೆಯುತ್ತಾರೆ ಎಂದರೆ! ನಾನು ಕೈ ಎಳೆದುಕೊಂಡು ಹೊರಗೆ ಓಡಿಬಂದೆ.

ಯಜಮಾನರು ಕೇಳಿ, "ಥೂ, ನಾನು ಬದುಕಿದ್ದೀನೋ ಇಲ್ವೋ ಅಂತ ಬಳೆ ಕೇಳ್ಬೇಕಾ? ಇಲ್ಲೇ ಕೂತಿಲ್ವಾ ನಾನು?" ಎಂದರು. ಆಮೇಲೆ ದನಿ ತಗ್ಗಿಸಿ, "ಎಡಗೈಲಿ ಇದಾವಲ್ಲ. ಮೊಮ್ಮಗೂಗೆ ನೀರು ಹಾಕ್ಬೇಕೋ ಬ್ಯಾಡ್ವೋ?" ಎಂದರು.

ನಾನು ಒಳಗೆ ಹೋಗಿ ಕೈ ಕೊಟ್ಟು ಮುಖ ತಿರುಗಿಸಿದೆ. ನರ್ಸಮ್ಮ ಬಟ್ಟೆ ಸುತ್ತಿ ಒಂದೊಂದಾಗಿ ಒಡೆದರು. ಟಕ್, ಟಕ್. ಒಂದೊಂದು ಸದ್ದಿಗೂ ನಾನು ನಂಜುಂಡೇಶ್ವರನನ್ನು ಕೂಗಿಕೊಂಡೆ.

ಅಂಗೈ ಮೇಲು ಮಾಡಿ ಮಲಗಿಸಿದರು. ಜೋಮಿನ ಮದ್ದು ಚೂರು ಚೂರೇ ಚುಚ್ಚಿದರು. ಅದು ಮಾತ್ರ ಉರಿಯಿತು, ಹಸಿಮೆಣಸಿನಕಾಯಿ ಹಚ್ಚಿದ ಹಾಗೆ. ಆಮೇಲೆ ಡಾಕ್ಟರು, "ಬೆರಳ ತುದಿಗೆ ಕರೆಂಟ್ ಹೊಡೆದ ಹಾಗೆ ಆದ್ರೆ ತಕ್ಷಣ ಹೇಳಿ" ಎಂದು ಸೂಜಿ ಒಳಗೆ ಆಡಿಸತೊಡಗಿದರು. ನೋವಿಲ್ಲ. ಆದರೆ ಆ ಶಬ್ದ! ಒಣಗಿದ ಹುಣಸೆಹಣ್ಣಿನ ನಾರನ್ನು ಉಗುರಿನಿಂದ ಗೀರಿದರೆ ಬರುವಂಥದು, ಅದು ನನ್ನ ಕೈಯೊಳಗಿಂದಲೇ ಬರುತ್ತಿತ್ತು. ಒಂದು ಸಲ ಕಿರುಬೆರಳಿನ ತುದಿಗೆ ಝಮ್ ಎಂದಿತು. "ಕರೆಂಟು! ಕರೆಂಟು!" ಎಂದು ಕೂಗಿದೆ. ಸೂಜಿ ಅಲ್ಲಿಂದ ಸರಿಯಿತು.

ಅವರು ನನ್ನ ಉಂಗುರದ ಬೆರಳನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿದರು.

ಟಪ್!

ನಾನು ಕಿರುಚಿದೆ. "ಅಯ್ಯೋ, ಇನ್ನೊಂದು ಬಳೆ ಒಡೆದ್ಬುಟ್ರಾ!"

"ಬಳೆ ಅಲ್ಲಮ್ಮ. ನಿಮ್ಮ ಬೆರಳು" ಎಂದು ಡಾಕ್ಟರು ನಕ್ಕರು.

ಕತ್ತೆತ್ತಿ ನೋಡಿದೆ. ಅಷ್ಟು ವರ್ಷ ನನ್ನ ಅಂಗೈಗೆ ಮುಖ ಹಾಕಿಕೊಂಡು ಮಲಗಿದ್ದ ಬೆರಳು ಎದ್ದು ನಿಂತಿತ್ತು. ಕಿರುಬೆರಳಿನದೂ ಒಂದು ಟಪ್, ಅದೂ ಎದ್ದಿತು. ಅಷ್ಟು ಬಿಳಿಯಾದ ಒಂದು ಜಾಗ ನನ್ನ ಅಂಗೈಯಲ್ಲಿ ಇದೆಯೆಂದೇ ಮರೆತುಹೋಗಿತ್ತು. ಇದ್ದಿಲ ಪುಡಿ ತಾಗದ, ಬಿಸಿಲು ಕಾಣದ ಜಾಗ. ಮಡಿಕೆ ಬಿದ್ದಲ್ಲಿ ಚರ್ಮ ಒಂದಿಷ್ಟು ಸೀಳಿತ್ತು, ಅದಕ್ಕೆ ಪಟ್ಟಿ ಹಾಕಿದರು. ಮಲಗುವಾಗ ಕಟ್ಟಿಕೊಳ್ಳಲು ಒಂದು ಹಲಗೆ ಕೊಟ್ಟರು. "ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬಾಗುತ್ತೆ. ಬಾಗಿದ್ರೆ ಬನ್ನಿ, ಹೆದರಬೇಡಿ" ಎಂದರು.

ಹೊರಗೆ ಬಂದು ಯಜಮಾನರ ಮುಂದೆ ಕೈ ಹರಡಿದೆ. ಸೈಕಲ್ಲಿನ ಚಕ್ರ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿ, "ಬೆಂಡ್ ಹೋಗ್ಯದೆ" ಎಂದರು.

"ಮನೆಗಾ?" ಎಂದು ಆಟೋದವನು ಕೇಳಿದ. "ಕುವೆಂಪುನಗರ" ಎಂದೆ ನಾನು.

ಬೀಗರ ಮನೆಯ ಕಾಲಿಂಗ್ ಬೆಲ್ಲನ್ನು ಉಂಗುರದ ಬೆರಳಿನಲ್ಲೇ ಒತ್ತಿದೆ. ಬೇಕೆಂದೇ. ರಾಜಮ್ಮನವರು ಬಾಗಿಲು ತೆಗೆದರು. ನನ್ನ ಕೈಯ ಪಟ್ಟಿ, ಬರಿದಾದ ಮಣಿಕಟ್ಟು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಏನ್ರೀ ಇದು? ಏನಾಯ್ತು?"

"ಅದಲ್ಲ ಕಣ್ರೀ. ನೀವಂದ್ಕೊಂಡಿದ್ದು ಅದಲ್ಲ."

ಸೀಮಂತದ ದಿನ ಅಡುಗೆಮನೆಯ ಕಿಟಕಿ ತೆರೆದಿದ್ದದ್ದು ಅವರಿಗೆ ಆಗ ಹೊಳೆಯಿತು. ಸವಿತ ಒಳಗಿಂದ ಹೊಟ್ಟೆ ಹಿಡಿದುಕೊಂಡು ಬಂದವಳು ಬಾಗಿಲ ಹತ್ತಿರವೇ ನಿಂತಳು. ನಾನು ಗೋಡೆಗೆ ಅಂಗೈ ಊರಿ ತೋರಿಸಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಉಸಿರು ಬಿಡದೆ ಹೇಳಿದೆ. ಹುರಿಯ ಕಥೆ, ಸೂಜಿಯ ಕಥೆ, ಬಳೆಯ ಕಥೆ. ಕೊನೆಗೆ, "ಅದೇ ಆಗಿದ್ರೂ ಮಾತ್ರೆ ನುಂಗಿದ್ರೆ ಹೋಗ್ತದಂತೆ, ಆಮೇಲೆ ಅಂಟೋದೂ ಇಲ್ವಂತೆ ಕಣ್ರೀ" ಎಂದೆ.

ರಾಜಮ್ಮನವರು ಹೊಸ್ತಿಲ ಪಕ್ಕದಲ್ಲೇ ಕುಸಿದು ಕುಳಿತರು.

"ನಮ್ ಸೋದರತ್ತೆಗಿತ್ತು" ಎಂದರು. "ಕೊಟ್ಟಿಗೆ ಹಿಂದೆ ಒಂದು ಗುಡಿಸಲು ಹಾಕಿ ಇಟ್ಟಿದ್ರು. ಊಟ ಕೊಡೋದು ನನ್ ಕೆಲಸ. ಎಲೆ ಮೇಲೆ ಮುದ್ದೆ ಇಟ್ಟು, ದೂರದಿಂದ ನೆಲದ ಮೇಲೆ ಮಡಗಿ ಓಡ್ಬುಡ್ತಿದ್ದೆ. ಅತ್ತೆ ಆ ಮುದುರಿದ ಕೈ ಚಾಚೋರು, ನಿಂತ್ಕೋ ಮಗಾ ಅನ್ನೋರು. ನಾನ್ ನಿಲ್ತಿರ್ಲಿಲ್ಲ." ನನ್ನ ಮುಖ ನೋಡಿ ಕೇಳಿದರು. "ಹಂಗಾರೆ ಊಟನಾದ್ರೂ ಕೈಗೆ ಕೊಡಬೋದಿತ್ತಾ ಬೀಗಿತ್ತಿ?"

ಅವರ ಮೇಲೆ ನಾನು ಎಷ್ಟು ದಿನ ಒಳಗೊಳಗೇ ಕುದ್ದಿದ್ದೆ. ಆ ಒಂದು ಮಾತಿಗೆ ಅದೆಲ್ಲ ಎಲ್ಲಿ ಹೋಯಿತೋ. ಇಷ್ಟು ದಪ್ಪನೆಯ ಹೆಂಗಸಿನ ಒಳಗೆ ಆ ಓಡುವ ಹುಡುಗಿ ಇನ್ನೂ ಓಡುತ್ತಲೇ ಇದ್ದಳು. ಅವರ ಪಕ್ಕದಲ್ಲಿ ಕುಳಿತುಕೊಂಡೆ. ಸವಿತ ಅರಿಸಿನ ಕುಂಕುಮದ ಬಟ್ಟಲು ತಂದು ನಮ್ಮಿಬ್ಬರ ನಡುವೆ ಇಟ್ಟಳು. ರಾಜಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಅವತ್ತಿನದು ಉಳಿದೋಗಿತ್ತು" ಎಂದು ನನ್ನ ಹಣೆಗೆ ಇಟ್ಟರು. ನಾನೂ ಅವರಿಗೆ ಇಟ್ಟೆ. ಮದ್ದಿನ ಜೋಮು ಇನ್ನೂ ಇಳಿದಿರಲಿಲ್ಲ. ಬೆರಳಿಗೆ ಹಣೆ ತಾಗಿದ್ದು ತಿಳಿಯಲಿಲ್ಲ. ಆದರೆ ತಾಗಿತ್ತು. ಸ್ವಲ್ಪ ಸೊಟ್ಟ, ಆದರೂ ಉಂಗುರದ ಬೆರಳಿನ ಕುಂಕುಮ.

ಶ್ರಾವಣ ಹುಟ್ಟಿದ ಕೂಡಲೇ ಮಗಳನ್ನು ಮನೆಗೆ ಕರೆತಂದೆವು. ಗೌರಿ ಹಬ್ಬದ ಆಚೆಗೆ ಹೆಣ್ಣುಮಗು ಹುಟ್ಟಿತು. ವಠಾರದ ಬಚ್ಚಲಲ್ಲಿ ಹಂಡೆ ಕಾಯಿಸಿ, ಮಣೆಯ ಮೇಲೆ ಕುಳಿತು ಕಾಲು ನೀಡಿದೆ. ನೋಡಲು ಬಂದಿದ್ದ ರಾಜಮ್ಮನವರು ಸೆರಗು ಸಿಕ್ಕಿಸಿಕೊಂಡು, "ನೀರು ನಾನ್ ಹುಯ್ತೀನಿ" ಎಂದು ಚೊಂಬು ಹಿಡಿದು ನಿಂತರು. ಹರಳೆಣ್ಣೆ ಹಚ್ಚಿ ಬೆನ್ನು ನೀವಿದೆ. ಅಂಗೈ ಪೂರ್ತಿ ಊರಿತು, ಮಣೆಯ ಮೇಲೆ ಊರುವ ಹಾಗೆ. ಆ ಎಳೇ ಬೆನ್ನು ನನ್ನ ಅಂಗೈಯಷ್ಟೇ ಇತ್ತು!

ಆಮೇಲೆ ಮಗುವಿನ ಕೈ ಹಿಡಿದೆ. ಮುಷ್ಟಿ ಬಿಗಿದಿತ್ತು. ಹೆಬ್ಬೆರಳು ಬಿಡಿಸಿದೆ, ಬಂತು. ಎರಡನೆಯದು, ಮೂರನೆಯದು ಬಂದವು. ಉಂಗುರದ ಬೆರಳು ಬರಲಿಲ್ಲ. ಕಿರುಬೆರಳೂ ಬರಲಿಲ್ಲ. ವಂಶದಲ್ಲಿ ಬರುತ್ತೆ ಎಂದ ಡಾಕ್ಟರ ಮಾತು ಕಿವಿಯಲ್ಲಿ ಗುಂಯ್ಯೆಂದಿತು. ಬಿಸಿನೀರಿನ ಹಬೆಯ ನಡುವೆ ನನ್ನ ಕೈ ನಿಂತುಬಿಟ್ಟಿತು.

"ಯಾಕ್ರೀ ನಿಲ್ಲಿಸ್ಬುಟ್ರಿ? ಕೂಸಿಗೆ ಶೀತ ಆಗ್ತದೆ."

"ಬೀಗಿತ್ತಿ... ಬೆರಳು..."

ರಾಜಮ್ಮನವರು ಚೊಂಬು ಬಿಟ್ಟು ನೀರಲ್ಲೇ ಕುಕ್ಕರಿಸಿದರು. ತಮ್ಮ ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಮುಷ್ಟಿಯೊಳಗೆ ಮೆಲ್ಲಗೆ ತೂರಿಸಿದರು. ಎರಡು ಬೆರಳೂ ಮಲ್ಲಿಗೆ ಮೊಗ್ಗಿನ ಹಾಗೆ ಬಿಚ್ಚಿಕೊಂಡವು. ಒಳಗೆ ಬಟ್ಟೆಯ ಒಂದು ಎಳೆ ಅಂಟಿಕೊಂಡಿತ್ತು, ಅಷ್ಟೇ.

"ಎಲ್ಲಾ ಕೂಸೂ ಹಂಗೇ ಕಣ್ರೀ! ಹೆತ್ತು ಸಾಕಿದೋರು ನೀವು, ಮರ್ತ್ಬುಟ್ರಾ?" ಎಂದು ಅವರು ಬೈಯುವಷ್ಟರಲ್ಲಿ ಮಗು ನಮ್ಮಿಬ್ಬರ ಮೇಲೂ ಉಚ್ಚೆ ಹೊಯ್ಯಿತು. ಬಚ್ಚಲಿನ ಹೊರಗೆ ನಿಂತಿದ್ದ ಶಾಂತಿ, ಒಳಗೆ ಇಬ್ಬರು ಅಜ್ಜಿಯರು ಜಗಳ ಆಡುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಬಾಗಿಲು ಬಡಿದಳಂತೆ.

ಆ ಮಗು ಈಗ ಸ್ಕೂಲಿಗೆ ಹೋಗುತ್ತದೆ. ನನ್ನ ಅಂಗೈಯನ್ನು ನೆಲಕ್ಕೆ ಊರಿಸಿ, ಅದರ ಕೆಳಗೆ ಊದುಬತ್ತಿ ಕಡ್ಡಿ ತೂರಿಸಲು ನೋಡುವುದು ಅವಳ ಆಟ. ಈಚೆಗೆ ಕಡ್ಡಿ ತೂರತೊಡಗಿತು. "ಅಜ್ಜಿ, ನಿಮ್ ಬೆರಳು ಬಾಗಿದೆ, ಕಡ್ಡಿ ಒಳಗೋಯ್ತು!" ಎಂದು ಚಪ್ಪಾಳೆ ತಟ್ಟಿದಳು. ಅದೇ ವಾರ ಸವಿತ ಎರಡನೆಯದರ ಸುದ್ದಿ ಹೇಳಿದಳು. ಬಾಗಿದ ಬೆರಳಿಗೆ ಅಳಬೇಕೋ, ಬರುವ ಮಗುವಿಗೆ ಕುಣಿಯಬೇಕೋ? ನಾನು ಕುಣಿದೆ.

"ಎಲ್ಲಿ ಕಳ್ದೋಗ್ಬುಟ್ರಿ? ಹೆಸರು ಕೂಗ್ತಾ ಅವ್ರೆ" ಎಂದು ಚೀಟಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತವರು ರಾಜಮ್ಮನವರು. ನನ್ನನ್ನು ಹೊರಡಿಸಿಕೊಂಡು ಬಂದವರು ಅವರೇ. ಮತ್ತೆ ಬಾಗಿದ್ದು ಕಂಡ ದಿನದಿಂದ, "ಈಗ್ಲೇ ಮಾಡಿಸ್ಕೊಳ್ಳಿ, ಕೂಸು ಬಂದ್ಮೇಲೆ ನೀರು ಹಾಕೋರು ಯಾರು?" ಎಂದು ಒಂದೇ ಸಮನೆ ಕೊರೆಯುತ್ತಿದ್ದರು.

ನರ್ಸಮ್ಮ ಬಾಗಿಲಲ್ಲಿ ನಿಂತು, "ಬಲಗೈ ಬಳೆ ಬಿಚ್ಚಿ ಬನ್ನಿ" ಎಂದರು. ರಾಜಮ್ಮನವರು ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ತಮ್ಮ ಬ್ಯಾಗಿನಿಂದ ಸೋಪಿನ ಚೂರು ತೆಗೆದರು. ಮನೆಯಿಂದಲೇ ತಂದಿದ್ದರು! ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಹಿಡಿದು, ನೊರೆ ಬರುವವರೆಗೆ ಉಜ್ಜಿ, ಬಾಗಿದ ಬೆರಳನ್ನು ಒತ್ತಿ ಹಿಡಿದು, ಒಂದೊಂದೇ ಬಳೆಯನ್ನು ಜಾರಿಸಿದರು. ಒಂದೂ ಒಡೆಯಲಿಲ್ಲ. ತೊಳೆದು, ಎಲ್ಲಿಡುವುದೆಂದು ಸುತ್ತ ನೋಡಿ, ತಮ್ಮ ಕೈಗೇ ತೊಟ್ಟುಕೊಂಡರು.

"ಇಲ್ಲಿರ್ಲಿ. ಬಂದ್ಮೇಲೆ ತೊಡಿಸ್ತೀನಿ. ನಡೀರಿ ಒಳಕ್ಕೆ."

ಒಳಗೆ ಹೋಗಿ ಅಂಗೈ ಮೇಲು ಮಾಡಿ ಮಲಗಿದೆ. ಡಾಕ್ಟರಿಗೂ ಈಗ ಕಿವಿಯ ಹತ್ತಿರ ನರೆ ಬಂದಿದೆ. "ಹೆದರಿಕೆ ಇದೆಯಾ ಅಮ್ಮ?" ಎಂದು ಕೇಳಿದರು. ಬಾಗಿಲ ಆಚೆ ರಾಜಮ್ಮನವರು ಅತ್ತಿಂದಿತ್ತ ಓಡಾಡುತ್ತಿದ್ದರು. ಅವರ ಕೈಯಲ್ಲಿ ನನ್ನ ಬಳೆಗಳ ಸದ್ದು ಕೇಳುತ್ತಲೇ ಇತ್ತು.